ಹಿರಿಯರಿಗೆ ಕಲಿಸುವವರ ನಡೆ



ಈ ಹೊತ್ತು ನಮ್ಮ ಮಾತು ಮುಖ್ಯವಾಗಿ ರಾತ್ರಿಶಾಲೆಗಳಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಹೊರಟ ತರುಣ ತರುಣಿಯರಿಗೆ. 1978ರ ಅಕ್ಟೋಬರ್ 2ರಂದು ದೇಶದಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಅದಾಗಿ ಎಷ್ಟೋ ವರ್ಷ ಕಳೆದ ಮೇಲೂ, 2011ರ ಜನಗಣತಿಯಂತೆ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 68 ಮಂದಿ ಮಾತ್ರ. ಆದುದರಿಂದ ನೀವು ಹಿಡಿದ ಕೆಲಸ ದೊಡ್ಡದು.

ಆದರೆ ಕಲಿಸುವವರ ದೂರು ಒಂದುಂಟು: “ಬುದ್ಧೀ, ದೊಡ್ಡವರು ಹೇಳಿದಂತೆ ಕೇಳುವುದಿಲ್ಲ. ತಡವಾಗಿ ಬರುತ್ತಾರೆ, ಮಾತನಾಡುತ್ತಾರೆ, ತೂಕಡಿಸುತ್ತಾರೆ. ಹಿಡಿತದಲ್ಲಿಡುವುದು ಹೇಗೆ?”

ಗದರಿಸಿದರೆ ಮಗು ಅಳುತ್ತದೆ, ಮರುದಿನ ಮತ್ತೆ ಬರುತ್ತದೆ. ಎಲ್ಲರೆದುರು ಗದರಿಸಿಕೊಂಡ ಐವತ್ತರ ತಾಯಿ ಅಳುವುದಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಾಳೆ. ಮತ್ತೆ ಬರುವುದಿಲ್ಲ. ನಿಮ್ಮ ಒಂದು ಮಾತಿಗೆ ಅವಳ ಪಾಲಿನ ಅಕ್ಷರದ ಬಾಗಿಲು ಮುಚ್ಚಿತು.

ಆದ್ದರಿಂದ ಮೊದಲು ಕಾರಣ ನೋಡಿರಿ. ತಡವಾಗಿ ಬಂದವಳು ಹಾಲು ಕರೆದು, ಮಕ್ಕಳಿಗೆ ಉಣ್ಣಿಸಿ ಬಂದಿರಬಹುದು. ತೂಕಡಿಸುವವನು ದಿನವೆಲ್ಲ ಹೊಲದಲ್ಲಿ ದುಡಿದವನು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗಿ ಕಾಣುವುದು ಸಹಜ. ಪಾಟಿ ಬದಿಗಿಟ್ಟು ಹರಟುವವನಿಗೆ ಬೇಕಾದದ್ದು ಕನ್ನಡಕವೇ ಇರಬಹುದು. ನಗೆಯಾಡುವವನು ಬಹುಮಟ್ಟಿಗೆ ತನ್ನ ನಾಚಿಕೆಯನ್ನು ಮುಚ್ಚಿಕೊಳ್ಳುತ್ತಿರುತ್ತಾನೆ.

ಹಾಗೆಂದು ಅಂಕೆಯೇ ಬೇಡವೆಂದಲ್ಲ. ಸಂಸ್ಕೃತದಲ್ಲಿ ಶಾಸನ, ಶಿಷ್ಯ ಎರಡೂ ‘ಶಾಸ್’ ಎಂಬ ಒಂದೇ ಧಾತುವಿನಿಂದ ಬಂದವು. ಕಲಿಕೆಯೂ ಅಂಕೆಯೂ ಒಡಹುಟ್ಟುಗಳು. ಆದರೆ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯನ್ನು ನೋಡಿರಿ. ಅಧ್ಯಯನ ಮುಗಿಸಿ, ಪ್ರಾಯಕ್ಕೆ ಬಂದ ಶಿಷ್ಯನಿಗೆ ಆಚಾರ್ಯನು ಅನುಶಾಸನ ನೀಡುವಾಗ, ನಮ್ಮಲ್ಲಿ ಒಳ್ಳೆಯ ನಡತೆ ಯಾವುದುಂಟೋ ಅದನ್ನು ಮಾತ್ರ ಅನುಸರಿಸು ಎಂಬರ್ಥದ ಮಾತನ್ನೂ ಸೇರಿಸುತ್ತಾನೆ. ಗುರುವು ತನ್ನನ್ನೂ ನಿಯಮದೊಳಗೆ ಇರಿಸಿಕೊಂಡ. ಬೆಳೆದವರಿಗೆ ಒಪ್ಪುವ ಅಂಕೆ ಇದು.

ಆದುದರಿಂದ ಮೊದಲ ದಿನವೇ ಕಲಿಯುವವರನ್ನು ಕೇಳಿರಿ: “ಅಕ್ಕಾ, ಯಾವ ಹೊತ್ತಿಗೆ ಕೂಡೋಣ? ಒಬ್ಬರು ಓದುವಾಗ ಉಳಿದವರು ಹೇಗಿರಬೇಕು?” ಅವರೇ ಕಟ್ಟಿದ ನಿಯಮವನ್ನು ಅವರೇ ಕಾಯುತ್ತಾರೆ. ಆ ನಿಯಮಕ್ಕೆ ನೀವೂ ತಲೆಬಾಗಿರಿ. ಏಳೂವರೆ ಎಂದರೆ ಏಳೂವರೆಗೆ ದೀಪ ಹಚ್ಚಿ ಕುಳಿತಿರಿ. ತಪ್ಪು ಓದಿದವರನ್ನು ಯಾರಾದರೂ ಹಂಗಿಸಿದರೆ ಅಲ್ಲಿಯೇ ನಿಲ್ಲಿಸಿರಿ. ಆದರೆ ಬುದ್ಧಿಮಾತನ್ನು ಪಾಠ ಮುಗಿದ ಮೇಲೆ, ಒಬ್ಬನನ್ನೇ ಬದಿಗೆ ಕರೆದು ಹೇಳಿರಿ. ಎಲ್ಲಕ್ಕೂ ತಾನೇ ಉತ್ತರ ಕೊಡುವ ಚುರುಕಿನವನಿಗೆ ಹಿಂದುಳಿದ ಇಬ್ಬರನ್ನು ಒಪ್ಪಿಸಿರಿ. ಅವನ ಬಾಯಿಗೂ ಕೆಲಸವಾಯಿತು, ಅವರಿಗೂ ಆಸರೆಯಾಯಿತು. ಕುಡಿದು ಬಂದವನನ್ನು ಮಾತ್ರ ಕೂರಿಸಬೇಡಿರಿ. “ಅಣ್ಣಾ, ನಾಳೆ ಬಾ” ಎಂದು ಮರ್ಯಾದೆಯಿಂದಲೇ ಕಳುಹಿಸಿರಿ; ನಾಳೆ ಬಂದಾಗ ನಿನ್ನೆಯದನ್ನು ಎತ್ತಬೇಡಿರಿ.

ಅವರು ಅಕ್ಷರದಲ್ಲಿ ಕಿರಿಯರು, ಬಾಳಿನಲ್ಲಿ ಹಿರಿಯರು. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟವನ ಶಾಲೆಯಲ್ಲಿ ಬೆತ್ತಕ್ಕೆ ಕೆಲಸವಿರುವುದಿಲ್ಲ. ನಿಮ್ಮ ಕೈಯಿಂದ ಹೆಬ್ಬೆಟ್ಟುಗಳು ಹೆಸರುಗಳಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.