ನಮ್ಮ ಸೀಮೆಯ ಸರೋವರಗಳು

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಂಥ ಊರುಗಳಿಂದಲೂ ಜನ ಈಗ ಹಿಮಾಲಯದ ಕಡೆಗೆ ಹೊರಡುತ್ತಾರೆ. ಕೇದಾರ ಬದರಿಗಳ ಯಾತ್ರೆ ಮುಗಿಸಿದವರಲ್ಲಿ ಕೆಲವರು ನೈನಿತಾಲಿಗೂ ಹೋಗಿಬರುತ್ತಾರೆ. ಅದು ನೋಡತಕ್ಕ ಊರೆಂಬುದರಲ್ಲಿ ಸಂದೇಹವಿಲ್ಲ. ಆರು ಸಾವಿರ ಅಡಿಗೂ ಮೇಲೆ, ಬೆಟ್ಟಗಳ ಬೊಗಸೆಯಲ್ಲಿ ನಿಂತ ಹಸಿರು ನೀರು. ದಡದಲ್ಲಿ ನೈನಾದೇವಿಯ ಗುಡಿ. ನೀರಿನ ಮೇಲೆ ದೋಣಿಗಳು. ಬೆಟ್ಟದ ನೆತ್ತಿಗೇರಿದರೆ ಉತ್ತರಕ್ಕೆ ನಂದಾದೇವಿಯ ಹಿಮಶಿಖರ. ಸುತ್ತಿನಲ್ಲಿ ಭೀಮತಾಲ, ಸಾತ್‌ತಾಲ, ನೌಕುಚಿಯಾತಾಲಗಳೆಂಬ ಇನ್ನಷ್ಟು ಸರೋವರಗಳು. ಇವನ್ನೆಲ್ಲ ಕಂಡು ಹಿಂದಿರುಗಿದವರು ಬಣ್ಣಬಣ್ಣದ ಚಿತ್ರಗಳನ್ನು ತೋರಿಸುತ್ತ ಕೊನೆಗೊಂದು ಮಾತು ಸೇರಿಸುತ್ತಾರೆ: ‘ನಮ್ಮಲ್ಲಿ ಏನಿದೆ ಮೇಷ್ಟ್ರೇ? ಕಲ್ಲು, ಜಾಲಿಮುಳ್ಳು, ಬಿಸಿಲು!’

ಕೇಳುಗ ಬಂಧುಗಳೇ, ಈ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಉತ್ತರ ಹೇಳುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಅಳತೆಯ ಮಾತನ್ನೇ ಆಡೋಣ. ಜಗತ್ಪ್ರಸಿದ್ಧವಾದ ಆ ನೈನಿ ಸರೋವರದ ವಿಸ್ತಾರ ಐವತ್ತು ಹೆಕ್ಟೇರಿಗೂ ಕಡಿಮೆ. ಹಗರಿಬೊಮ್ಮನಹಳ್ಳಿಗೆ ಸಮೀಪದ ಅಂಕಸಮುದ್ರದ ಕೆರೆಯ ವಿಸ್ತಾರ 98.76 ಹೆಕ್ಟೇರು, ಎಂದರೆ 244 ಎಕರೆ. ನೈನಿಯಂಥ ಎರಡು ಸರೋವರಗಳು ಇದರ ಅಂಗಳದಲ್ಲಿ ಹಿಡಿಸುತ್ತವೆ. ಕೆರೆಯನ್ನು ‘ಸಮುದ್ರ’ವೆಂದು ಕರೆದ ಹಿರಿಯರನ್ನು ಕಂಡು ನಗುವವರಿದ್ದಾರೆ. ಸಮುದ್ರವನ್ನು ಕಾಣದ ನಾಡಿನವರು ಮಳೆಯ ನೀರನ್ನು ಇಷ್ಟು ಅಗಲಕ್ಕೆ ತಡೆದು ನಿಲ್ಲಿಸಿದಾಗ ಅದಕ್ಕೆ ಬೇರೆ ಯಾವ ಹೆಸರು ಇಡಬೇಕಾಗಿತ್ತು?

ಈ ಕೆರೆಯ ಅಂಗಳದಲ್ಲಿ ಕರಿಜಾಲಿಯ ಮರಗಳು ನೀರಿನಲ್ಲೇ ನಿಂತಿವೆ. ಮುಳ್ಳೆಂದು ನಾವು ಮೂಗು ಮುರಿಯುವ ಆ ಮರಗಳೇ ಹಕ್ಕಿಗಳಿಗೆ ಕೋಟೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ಇರುಳುಬಕ ಮೊದಲಾದ ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಇದುವರೆಗೆ ಗುರುತಿಸಿದ ಹಕ್ಕಿಗಳ ಜಾತಿಗಳೇ 240. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರ ಜನವರಿಯಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ, ಎಂದರೆ ಜಗತ್ತು ಉಳಿಸಿಕೊಳ್ಳಬೇಕೆಂದು ಒಪ್ಪಿರುವ ಜೌಗುನೆಲಗಳ ಸಾಲಿಗೆ ಸೇರಿತು. ಪಟ್ಟಿಗಳ ಮಾತು ಹಾಗಿರಲಿ. ಹಕ್ಕಿ ಊರಿನ ಮಗ್ಗುಲಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ ಎಂದರೆ ಅದು ಆ ಊರಿನ ಮನುಷ್ಯರನ್ನು ನಂಬಿದೆ ಎಂದೇ ಅರ್ಥ. ಈ ಪ್ರಮಾಣಪತ್ರ ಎಲ್ಲ ಊರುಗಳಿಗೂ ದೊರೆಯುವಂಥದಲ್ಲ.

ಹಿಮಾಲಯವನ್ನು ನೋಡಲು ನಾವು ಹೋಗುತ್ತೇವೆ. ಹಿಮಾಲಯದಾಚೆಯವರು ನಮ್ಮನ್ನು ನೋಡಲು ಬರುತ್ತಾರೆ. ಹಡಗಲಿ ತಾಲ್ಲೂಕಿನಿಂದ ತುಂಗಭದ್ರೆಯನ್ನು ದಾಟಿ ಗದಗ ಜಿಲ್ಲೆಗೆ ಹೋದರೆ ಮಾಗಡಿ ಎಂಬ ಊರಿನ ಕೆರೆಯಿದೆ. ಅಲ್ಲಿಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರ ಸಾವಿರವಾಗಿ ಬಂದಿಳಿಯುತ್ತವೆ. ಟಿಬೆಟ್ಟು ಮತ್ತು ಮಂಗೋಲಿಯಗಳ ಎತ್ತರದ ಸರೋವರಗಳ ದಡದಲ್ಲಿ ಹುಟ್ಟಿ, ಹಿಮಾಲಯವನ್ನು ಮೇಲಿನಿಂದ ದಾಟಿ, ನಮ್ಮ ಶೇಂಗಾ, ಕಡಲೆಯ ಹೊಲಗಳ ಪಕ್ಕದ ನೀರಿಗೆ ಬರುವ ಹಕ್ಕಿಗಳಿವು. ಹಂಸಗಳು ಮಾನಸ ಸರೋವರಕ್ಕೆ ಹಾರುತ್ತವೆಂಬುದು ಕವಿಸಮಯವೆಂದು ನಾನು ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಕಾವ್ಯದ ಹಂಸವೆಂದರೆ ಈ ಹೆಬ್ಬಾತೇ ಇರಬೇಕೆಂದು ಊಹಿಸುವ ವಿದ್ವಾಂಸರಿದ್ದಾರೆ. ಕವಿಗಳು ಅವನ್ನು ಮಳೆಗಾಲದ ಮೊದಲಲ್ಲಿ ಕಳಿಸುತ್ತಾರೆ. ಇವು ಮಾರ್ಚಿ ತಿಂಗಳ ಹೊತ್ತಿಗೇ ಹೊರಡುತ್ತವೆ. ತಿಂಗಳ ಲೆಕ್ಕ ಸ್ವಲ್ಪ ಹಿಂದುಮುಂದಾದರೂ ದಾರಿಯ ಲೆಕ್ಕದಲ್ಲಿ ಕವಿಗಳು ತಪ್ಪಿಲ್ಲ.

ಇನ್ನು ನಮ್ಮ ಸರೋವರಗಳಿಗೂ ಅಲ್ಲಿನವಕ್ಕೂ ಇರುವ ಮುಖ್ಯವಾದ ಅಂತರಕ್ಕೆ ಬರೋಣ. ನೈನಿ ಸರೋವರ ಪ್ರಕೃತಿಯ ಕೊಡುಗೆ. ಅಲ್ಲಿ ಬೀಳುವ ಮಳೆ ನಮ್ಮದರ ಮೂರು ನಾಲ್ಕು ಪಟ್ಟು. ನಮ್ಮ ಸೀಮೆಗೆ ದೇವರು ಬೆಟ್ಟದ ಬೊಗಸೆಯನ್ನೂ ಕೊಡಲಿಲ್ಲ, ಧಾರಾಳವಾದ ಮಳೆಯನ್ನೂ ಕೊಡಲಿಲ್ಲ. ಇಲ್ಲಿ ಸರೋವರ ಬೇಕೆಂದವನು ಮಣ್ಣು ಹೊರಬೇಕಾಗಿತ್ತು. ಇಳಿಜಾರನ್ನು ಕಣ್ಣಿನಲ್ಲೇ ಅಳೆದು, ಏರಿ ಹಾಕಿ, ತೂಬು ಇರಿಸಿ, ಹೆಚ್ಚಿದ ನೀರು ಹರಿದುಹೋಗಲು ಕೋಡಿ ಬಿಟ್ಟು, ಕೆಳಗಿನ ಗದ್ದೆಗೆ ಸರದಿಯಂತೆ ನೀರು ಬಿಡಲು ನೀರಗಂಟಿಯನ್ನು ನೇಮಿಸಬೇಕಾಗಿತ್ತು. ಕಟ್ಟಿದರಷ್ಟೇ ಸಾಲದು, ವರ್ಷವರ್ಷವೂ ಹೂಳು ತೆಗೆಯಬೇಕು. ಅದರ ವೆಚ್ಚಕ್ಕಾಗಿ ಬಿಟ್ಟ ಭೂಮಿಗೆ ಕೆರೆಗೊಡಗೆ ಎಂದೂ, ಅಚ್ಚುಕಟ್ಟಿನ ಬೆಳೆಯಲ್ಲಿ ಎತ್ತಿಟ್ಟ ಪಾಲಿಗೆ ಬಿತ್ತುವಟ್ಟವೆಂದೂ ಶಾಸನಗಳಲ್ಲಿ ಹೆಸರಿದೆ. ತಾಯಿಯೊಬ್ಬಳು ಮಗನಿಗೆ ಹಾಲಿನೊಡನೆ ಕೆರೆಯ ಮಾತನ್ನೂ ಊಡಿದ ಕಥೆ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿರುವುದನ್ನು ತಾವೆಲ್ಲ ಬಲ್ಲಿರಿ. ನಮ್ಮ ನಾಡಿನ ಪ್ರೇಕ್ಷಣೀಯ ಸ್ಥಳವೆಂದರೆ ಮೊದಲು ಕೆರೆಯ ಏರಿ, ಆಮೇಲೆ ಗುಡಿಯ ಗೋಪುರ.

ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಯ ದಿಕ್ಕಿಗೆ ಹೊರಟರೆ ದಿಗಂತದವರೆಗೂ ನೀರು ಕಾಣುತ್ತದೆ. ಅದು 1953ರ ಹೊತ್ತಿಗೆ ನೀರು ನಿಂತ ತುಂಗಭದ್ರಾ ಜಲಾಶಯದ ಹಿನ್ನೀರು. ಸಂಜೆಯ ಬಿಸಿಲಿನಲ್ಲಿ ಇದರ ದಡದಲ್ಲಿ ನಿಂತವನಿಗೆ ಯಾವ ಹಿಮಾಲಯದ ಸರೋವರವೂ ನೆನಪಾಗಲಾರದು. ಆದರೆ ಈ ನೀರಿನಡಿಯಲ್ಲಿ ಊರುಗಳಿವೆ. ಅವುಗಳಲ್ಲಿ ಒಂದರ ಹೆಸರು ನಾರಾಯಣದೇವರಕೆರೆ. ಕೆರೆಯ ಹೆಸರನ್ನೇ ಹೊತ್ತ ಊರು ಅದಕ್ಕಿಂತ ದೊಡ್ಡ ಕೆರೆಯಲ್ಲಿ ಮುಳುಗಿತು. ಅಲ್ಲಿನ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬಾಳು ಕಟ್ಟಿಕೊಂಡರು. ನೀರು ಇಳಿದ ಬೇಸಗೆಗಳಲ್ಲಿ ಹಳೆಯ ಊರಿನ ಕಲ್ಲುಗಳು ತಲೆಯೆತ್ತಿದಾಗ ಹೋಗಿ ನೋಡಿಬರುವವರಿದ್ದಾರೆ. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆಯನ್ನು ನಾವು ಹಳೆಯ ಕಾಲದ ಕ್ರೌರ್ಯವೆಂದು ಓದುತ್ತೇವೆ. ನೀರು ನಿಲ್ಲಬೇಕಾದರೆ ಯಾರೋ ಒಬ್ಬರು ತಮ್ಮ ಮನೆಯನ್ನು ಬಿಟ್ಟುಕೊಡಬೇಕೆಂಬ ಮಾತು ನಮ್ಮ ಕಾಲದಲ್ಲಿಯೂ ಸುಳ್ಳಾಗಿಲ್ಲ. ಈ ಹಿನ್ನೀರಿನ ಸೊಬಗನ್ನು ಸವಿಯುವವರು ಆ ಋಣವನ್ನು ಮರೆಯಬಾರದು.

ಹೊಳೆಯ ದಂಡೆಯನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಹೂವಿನ ಹಡಗಲಿ. ಹೆಸರಿಗೆ ತಕ್ಕಂತೆ ಮಲ್ಲಿಗೆಯ ಊರು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ನಸುಕಿನಲ್ಲಿ ಮೊಗ್ಗು ಬಿಡಿಸುವ ಹೊತ್ತಿಗೆ ಹೂದೋಟದ ಬದಿಯಲ್ಲಿ ನಿಂತವರಿಗೆ ಬಯಲುಸೀಮೆಯೆಂದರೆ ಬರಿಯ ಬಿಸಿಲಲ್ಲವೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಇಲ್ಲಿನ ಕೇಶವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ರವಿದೇವನ ಮಡದಿ ರೆಬ್ಬಲದೇವಿ 1090ರಲ್ಲಿ ಕಟ್ಟಿಸಿದಳು. ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯ ಅದಕ್ಕಿಂತಲೂ ಹಳೆಯದು. 1057ರ ಶಾಸನ ಅದನ್ನು ಸೋಮೇಶ್ವರನ ಮಂತ್ರಿ ದೇಮರಸನ ಹೆಸರಿನೊಡನೆ ಜೋಡಿಸುತ್ತದೆ. ಅದರ ಹೊರಗೋಡೆಯ ಕೆತ್ತನೆಯ ಮೇಲೆ ಇಳಿಹೊತ್ತಿನ ಬಿಸಿಲು ಬೀಳುವುದನ್ನು ನೋಡಿಯೇ ಮುಂದೆ ಹೊರಡಬೇಕು.

ಅದೇ ತಾಲ್ಲೂಕಿನ ಹೊಳೆದಂಡೆಯಲ್ಲಿ ಮೈಲಾರವೂ ಕುರುವತ್ತಿಯೂ ಇವೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕಣ ಮರಡಿಯ ಮೇಲೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವ ಗಳಿಗೆಯೊಂದುಂಟು. ಗೊರವಯ್ಯ ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಆ ಸಾಲಿನಲ್ಲಿ ರೈತ ಹುಡುಕುವುದು ಮೊದಲು ಮಳೆಯನ್ನು, ಆಮೇಲೆ ರಾಜ್ಯಭಾರವನ್ನು. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಶಿಲ್ಪಪ್ರಿಯರಿಗೆಲ್ಲ ಪರಿಚಿತರು. ಬೇಲೂರಿನ ಮದನಿಕೆಯರಿಗಿಂತ ಇವರು ಹಿರಿಯರು. ಆದರೆ ಕುರುವತ್ತಿಗೆ ಹೋದವರು ಗುಡಿಯಿಂದ ಹೊಳೆಗೂ ಇಳಿಯಬೇಕೆಂದು ನನ್ನ ಬಿನ್ನಹ. ವಾಸಿಯಾಗದ ರೋಗಕ್ಕೆ ತುತ್ತಾದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ 1068ರಲ್ಲಿ ಜಲಸಮಾಧಿಯಾದದ್ದು ಇಲ್ಲಿಯ ತುಂಗಭದ್ರೆಯಲ್ಲಿ. ಬಿಲ್ಹಣನ ‘ವಿಕ್ರಮಾಂಕದೇವಚರಿತ’ದಲ್ಲಿ ಆ ಪ್ರಸಂಗದ ವರ್ಣನೆಯಿದೆ. ಸಾಮ್ರಾಜ್ಯವನ್ನಾಳಿದವನು ಕೊನೆಗೆ ಬಯಸಿದ್ದು ಈ ನೀರಿನ ಮಡಿಲನ್ನು.

ಹರಪನಹಳ್ಳಿಗೆ ನಾಲ್ಕು ಮೈಲಿಯಷ್ಟು ದೂರದಲ್ಲಿ ಬಾಗಳಿಯಿದೆ. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾದ ಅಲ್ಲಿನ ಕಲ್ಲೇಶ್ವರ ದೇವಾಲಯ ಚಾಲುಕ್ಯರ ಕಾಲದಲ್ಲಿ ಪೂರ್ಣಗೊಂಡಿತು. ಇಮ್ಮಡಿ ತೈಲಪನ ಕಾಲದ 987ರ ಶಾಸನ ದುಗ್ಗಿಮಯ್ಯನ ಹೆಸರನ್ನು ಹೇಳುತ್ತದೆ. ಮಂಟಪದ ಕಂಬಗಳ ನಡುವೆ ನಿಧಾನವಾಗಿ ನಡೆಯಬೇಕು. ಶಿಲ್ಪಿಯ ಉಳಿ ಪ್ರತಿಯೊಂದರಲ್ಲಿಯೂ ಹೊಸದೊಂದನ್ನು ಹುಡುಕಿದೆ. ಊರಿನಲ್ಲಿ ಹತ್ತಾರು ಶಾಸನಗಳಿವೆ. ಪ್ರವಾಸಿಗಳು ಶಾಸನದ ಕಲ್ಲನ್ನು ಕಂಡರೆ ಬೆನ್ನು ತಿರುಗಿಸುವುದು ವಾಡಿಕೆ. ಆದರೆ ನಮ್ಮ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಕೆರೆಯ ಏರಿ, ಹಳ್ಳ, ತೂಬುಗಳೇ ಗುರುತು. ಓದಬಲ್ಲವರಿಗೆ ಅವು ಊರಿನ ನೀರಿನ ನಕ್ಷೆಗಳು. ಉಚ್ಚಂಗಿದುರ್ಗ ಇದೇ ತಾಲ್ಲೂಕಿನದು. ನೊಳಂಬವಾಡಿಯನ್ನಾಳಿದ ಪಾಂಡ್ಯರ ಕೋಟೆ, ಉಚ್ಚಂಗಮ್ಮನ ನೆಲೆ.

ಕೊಟ್ಟೂರಿನ ಗುರುಬಸವೇಶ್ವರನ ತೇರನ್ನು ಕಾಣದವರು ನಮ್ಮಲ್ಲಿ ಕಡಿಮೆ. ಸಮೀಪದ ಅಂಬಳಿಯಲ್ಲಿ 1083ರ ಶಾಸನವುಳ್ಳ ಕಲ್ಲೇಶ್ವರ ದೇವಾಲಯವಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ವಿಚಾರದಲ್ಲಂತೂ ಜನರ ಬಾಯಲ್ಲಿ ಮಾತೇ ಇದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಇನ್ನು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೆ ಹೋದರೆ ಬಂಡೆಯ ಮೇಲೆ ಬಂಡೆ ಹೇರಿದಂಥ ಗುಡ್ಡಗಳು, ಪಾಳೆಯಗಾರರ ಕೋಟೆ, 2013ರಲ್ಲಿ ಘೋಷಿತವಾದ ಕರಡಿಧಾಮ. ಗುಡ್ಡದ ಕೋಟೆಯನ್ನು ನೋಡುವವರು ಬುರುಜುಗಳನ್ನು ಎಣಿಸುವ ಮೊದಲು ಮಳೆಯ ನೀರು ಹಿಡಿದ ಹೊಂಡ ಎಲ್ಲಿದೆಯೆಂದು ಕೇಳಬೇಕು. ಹೊಂಡ ಬತ್ತಿದ ಕೋಟೆಯನ್ನು ಯಾವ ಬುರುಜೂ ಕಾಯಲಾರದು.

ಉಜ್ಜಿನಿಯ ಆ ಗಾದೆ ಕೆರೆಗೂ ಸಲ್ಲುತ್ತದೆ. ಕೆರೆಯನ್ನು ಹೊರಗೆ ನೋಡಿದರೆ ನೀರು, ಹಕ್ಕಿ, ಸಂಜೆಯ ಬಣ್ಣ. ಒಳಗೆ ನೋಡಿದರೆ ಹೂಳು. ತುಂಗಭದ್ರಾ ಜಲಾಶಯವನ್ನು ಕಟ್ಟಿದಾಗ ಅದು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದರ ಒಡಲು ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅದರ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ರೈತರು ನಿದ್ದೆಗೆಟ್ಟರು. ದೊಡ್ಡದರ ಗತಿಯೇ ಹೀಗಿರುವಾಗ ಊರೂರಿನ ಸಣ್ಣ ಕೆರೆಗಳನ್ನು ಕೇಳುವವರು ಯಾರು? ಮನೆಗೊಂದು ಕೊಳವೆಬಾವಿ ಬಂದಮೇಲೆ ನೀರಗಂಟಿಯ ಹುದ್ದೆ ಹೋಯಿತು. ಏರಿಯ ಮೇಲೆ ಮುಳ್ಳುಗಂಟಿ ಬೆಳೆಯಿತು. ಕೆರೆಗೆ ನೀರು ತರುವ ಹಳ್ಳದ ದಾರಿಯಲ್ಲಿ ನಿವೇಶನಗಳೆದ್ದವು. ಕೆರೆ ಬತ್ತಿದ ಎಷ್ಟೋ ವರ್ಷಗಳ ಮೇಲೆ ಕೊಳವೆಬಾವಿಯೂ ಬತ್ತಿದಾಗ ಎರಡಕ್ಕೂ ಸಂಬಂಧವುಂಟೆಂದು ನಮಗೆ ಹೊಳೆಯಿತು.

ಪ್ರಕೃತಿಯೇ ಕೊಟ್ಟ ಸರೋವರಕ್ಕಾದರೂ ಈ ಭಯವಿಲ್ಲವೆಂದು ತಿಳಿಯಬಾರದು. 1880ರಲ್ಲಿ ನೈನಿತಾಲಿನ ಬೆಟ್ಟ ಕುಸಿದು 151 ಜನ ಮಡಿದರು. 2017ರ ಬೇಸಗೆಯಲ್ಲಿ ಸರೋವರದ ನೀರು ಇಳಿದು ದಡದ ಕೆಸರು ಬಾಯಿಬಿಟ್ಟಿತು. ಅದರ ಮೇಲ್ಗಡೆ ಸೂಖಾತಾಲ್ ಎಂಬ, ಮಳೆಗಾಲದಲ್ಲಿ ಮಾತ್ರ ತುಂಬುವ ಕೆರೆಯೊಂದಿದೆ. ಅಲ್ಲಿ ಇಂಗಿದ ನೀರೇ ಒಳಗಿಂದೊಳಗೆ ನೈನಿಯನ್ನು ಸೇರುತ್ತದೆ. ಅದನ್ನು ಜನ ಒತ್ತುವರಿ ಮಾಡಿದರು, ಕಸ ಸುರಿದರು. ಅದರ ಫಲವನ್ನು ಕೆಳಗಿನ ಸರೋವರ ಉಂಡಿತು. ಸ್ಕಾಂದಪುರಾಣದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಾಯಾರಿದ ಅತ್ರಿ, ಪುಲಸ್ತ್ಯ, ಪುಲಹರೆಂಬ ಮೂವರು ಋಷಿಗಳು ಅಲ್ಲಿ ಗುಂಡಿ ತೋಡಿ ಮಾನಸ ಸರೋವರದ ನೀರನ್ನು ತುಂಬಿದರಂತೆ. ಹಿಮಾಲಯದ ಸರೋವರಕ್ಕೂ ಪುರಾಣಕಾರ ಗುದ್ದಲಿಯ ಕೈಯನ್ನು ಕಲ್ಪಿಸಿದ್ದಾನೆ! ಋಷಿಗಳೇ ತೋಡಬೇಕಾಯಿತೆಂದರೆ ನಮ್ಮಂಥವರ ಪಾಡೇನು?

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟೆ. ಹಿಮಾಲಯಕ್ಕೆ ಹೋಗಿಬನ್ನಿ, ಅದಕ್ಕೆ ಸಮನಾದದ್ದು ಬೇರೊಂದಿಲ್ಲ. ಆದರೆ ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ, ಒಂದೆರಡು ದಿನವನ್ನು ನಮ್ಮ ಈ ಐದು ತಾಲ್ಲೂಕುಗಳಿಗೂ ಮೀಸಲಿಡಿ. ಬೆಳಗಿನ ಹೊತ್ತು ಅಂಕಸಮುದ್ರದ ಏರಿಯ ಮೇಲೆ, ಸದ್ದು ಮಾಡದೆ; ಮಧ್ಯಾಹ್ನ ಹಿರೇಹಡಗಲಿಯ ಗುಡಿಯ ನೆರಳಿನಲ್ಲಿ; ಸಂಜೆ ಕುರುವತ್ತಿಯ ಹೊಳೆದಂಡೆಯಲ್ಲಿ. ಮನೆಯ ಮಕ್ಕಳನ್ನು ತಪ್ಪದೆ ಕರೆದುಕೊಂಡು ಬನ್ನಿ. ‘ಈ ಕೆರೆಯನ್ನು ಯಾರು ಕಟ್ಟಿದರು?’ ಎಂದು ಅವರು ಕೇಳಿದರೆ ಶಾಸನದ ಕಲ್ಲಿನಲ್ಲಿ ಉತ್ತರವಿದೆ. ‘ಇದರ ಹೂಳನ್ನು ಯಾರು ತೆಗೆಯುತ್ತಾರೆ?’ ಎಂದು ಕೇಳಿದರೆ ಅದಕ್ಕೆ ಉತ್ತರವನ್ನು ನಾವೇ ಸಿದ್ಧಪಡಿಸಿಕೊಂಡಿರಬೇಕು.