ಹಣ ಹೂಡುವ ಮುನ್ನ ಮನಸ್ಸನ್ನು ಪರೀಕ್ಷಿಸಿರಿ

(ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಜರುಗಿದ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರರು ಹಣದ ಮಾತು ಆಡುವುದೇಕೆ ಎಂದು ನಿಮಗೆ ಅನಿಸಬಹುದು. ಕೈಗಾರಿಕೆಗೆ ಹೊಲ ಕೊಟ್ಟವರು ನಿಮ್ಮಲ್ಲಿ ಇದ್ದೀರಿ. ಪರಿಹಾರದ ಹಣ ಬಂದ ಮನೆಗೆ ಸಲಹೆ ಕೊಡುವವರೂ ಬೆನ್ನಿಗೇ ಬರುತ್ತಾರೆ. ಹೊಲವಂತೂ ಹೋಯಿತು, ಅದರ ಹಣವೂ ಹೋದರೆ ಮುಂದೇನು?

ಹಣ ಕಳೆದುಕೊಳ್ಳುವವರೆಲ್ಲ ಲೆಕ್ಕ ಬಾರದವರಲ್ಲ. ಲೆಕ್ಕ ಬಲ್ಲವರನ್ನೂ ಅವರ ಮನಸ್ಸೇ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ.

ಮೊದಲನೆಯದು ಹಿಂಡಿನ ಗುಣ. ಮುಂದಿನ ಕುರಿ ಹಾರಿದಲ್ಲಿ ಹಿಂದಿನ ಕುರಿಯೂ ಹಾರುತ್ತದೆ. 1992ರಲ್ಲಿ ಮುಂಬಯಿ ಶೇರುಪೇಟೆಯಲ್ಲಿ ಹೀಗೆಯೇ ಆಯಿತು. ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣದಿಂದ ಶೇರು ಕೊಂಡಂತೆ ಬೆಲೆ ಏರಿತು. ಏರಿದ್ದನ್ನು ಕಂಡು ಜನ ಕೊಂಡರು. ಜನ ಕೊಂಡದ್ದರಿಂದ ಇನ್ನೂ ಏರಿತು. ಏಪ್ರಿಲ್‌ನಲ್ಲಿ ಸೂಚ್ಯಂಕ 4,467 ಮುಟ್ಟಿತು. ಹಗರಣ ಬಯಲಾಗಿ, ಮರುವರ್ಷದ ಏಪ್ರಿಲ್ ಹೊತ್ತಿಗೆ ಅದು ಸುಮಾರು ಅರ್ಧಕ್ಕಿಳಿಯಿತು.

ನಮ್ಮ ಕಸುಬಿಗೆ ಹತ್ತಿರದ ಉದಾಹರಣೆ ಎಮು ಹಕ್ಕಿ. ತಮಿಳುನಾಡಿನ ಪೆರುಂದುರೈಯ ಸುಸಿ ಎಮು ಫಾರ್ಮ್ಸ್, ಒಂದೂವರೆ ಲಕ್ಷ ರೂ. ಕಟ್ಟಿದವರಿಗೆ ಮರಿಗಳನ್ನು ಕೊಟ್ಟು, ತಿಂಗಳಿಗೆ 6 ಸಾವಿರ ರೂ. ಕೊಡುವುದಾಗಿ ಹೇಳಿತು. ನೆರೆಯವನಿಗೆ ಹಣ ಬಂದದ್ದನ್ನು ಕಂಡು ಇವನೂ ಕಟ್ಟಿದ. ಎಮು ಮಾಂಸ ತಿನ್ನುವವರು ಯಾರು, ಅದರ ಎಣ್ಣೆ ಕೊಳ್ಳುವವರು ಯಾರು ಎಂದು ಕೇಳಿದವರು ಕಡಿಮೆ. 2012ರಲ್ಲಿ ಆ ಕಂಪನಿ ಕುಸಿಯಿತು. ನಮ್ಮ ಹಾಲಿಗಾದರೋ ದಿನವೂ ಕುಡಿಯುವವರಿದ್ದಾರೆ; ಆ ಹಕ್ಕಿಗೆ ಹೊಸದಾಗಿ ಹಣ ಕಟ್ಟುವವರ ಹೊರತು ಗಿರಾಕಿಯೇ ಇರಲಿಲ್ಲ.

ಎರಡನೆಯದು ನಷ್ಟ ಒಪ್ಪದ ಗುಣ. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ಕಳೆದ ಸಂಕಟ ದೊಡ್ಡದೆಂದು ಕಾಹ್ನೆಮನ್ ಮತ್ತು ಟ್ವೆರ್‌ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ತೋರಿಸಿದರು. ಕಾಹ್ನೆಮನ್‌ರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದುದರಿಂದಲೇ ಜನರು ಏರಿದ ಶೇರನ್ನು ಬೇಗ ಮಾರಿ, ಬಿದ್ದ ಶೇರನ್ನು ಹಿಡಿದುಕೊಂಡು ಕೂಡುತ್ತಾರೆ.

ಇದನ್ನು ನಾನು ಕೊಟ್ಟಿಗೆಗಳಲ್ಲಿಯೂ ಕಾಣುತ್ತೇನೆ. 80 ಸಾವಿರಕ್ಕೆ ತಂದ ಆಕಳು ನಾಲ್ಕೇ ಲೀಟರ್ ಕೊಡುತ್ತದೆ. 50 ಸಾವಿರಕ್ಕೆ ಕೇಳುವವರಿದ್ದರೂ, "ಅಷ್ಟು ರೊಕ್ಕ ಕೊಟ್ಟೀನ್ರಿ ಸಾಹೇಬ್ರ, ಹೆಂಗ ಮಾರ್ಲಿ?" ಎನ್ನುತ್ತಾರೆ. ಹಾಲಿನ ಹಣ ಕಳೆದು ಮೇವು-ಹಿಂಡಿಗೆ ದಿನಕ್ಕೆ 60 ರೂ. ಕೈಯಿಂದ ಹೋದರೆ, ಆರು ತಿಂಗಳಿಗೆ 10,800 ರೂ. ಆಯಿತು. ಅಷ್ಟರಲ್ಲಿ ಆಕಳ ಬೆಲೆಯೂ ಇಳಿದಿರುತ್ತದೆ. ಕೊಟ್ಟ ಹಣವನ್ನು ಮರೆತು, "ಇದೇ ಆಕಳನ್ನು ಇಂದು ಇದೇ ಬೆಲೆಗೆ ಹೊಸದಾಗಿ ಕೊಳ್ಳುತ್ತಿದ್ದೆನೇ?" ಎಂದು ಕೇಳಿಕೊಳ್ಳಿರಿ. ಶೇರಿಗೂ ಇದೇ ಪ್ರಶ್ನೆ.

ಕಡೆಯದಾಗಿ ಕೆಲವು ಸೂಚನೆಗಳು:

1. "ಇಂದೇ ಕೊನೆಯ ದಿನ" ಎಂದವರಿಗೆ ಹಣ ಕೊಡಬೇಡಿರಿ. ಹದಿನೈದು ದಿನ ತಡೆಯಿರಿ.

2. ಲಾಭ ಎಲ್ಲಿಂದ ಹುಟ್ಟುತ್ತದೆ, ಮಾಲು ಕೊಳ್ಳುವವರು ಯಾರು ಎಂದು ಕೇಳಿರಿ.

3. ಶೇರು ದಲ್ಲಾಳಿಗೆ ಸೆಬಿ ನೋಂದಣಿ ಇರಬೇಕು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯಿದೆ ನಿಷೇಧಿಸಿದೆ.

4. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಸಹಿತ 5 ಲಕ್ಷ ರೂ.ವರೆಗೆ ವಿಮೆ ಇದೆ.

5. ಕೊಟ್ಟಿಗೆಯ ಲೆಕ್ಕ ಬಲ್ಲ ಮನೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡೇ ತೀರ್ಮಾನಿಸಿರಿ.

ನಮ್ಮ ಸಂಘದಲ್ಲಿ ನೆರೆಯವರ ಹಾಲನ್ನೂ ಕಣ್ಣಂದಾಜಿನಿಂದ ಕೊಳ್ಳುವುದಿಲ್ಲ. ಫ್ಯಾಟ್ ತೆಗೆದೇ ಬೆಲೆ ಕಟ್ಟುತ್ತೇವೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಹಣ ಕೇಳಿ ಬಂದವರು ನೆಂಟರೇ ಆಗಿರಲಿ, ಅವರ ಮಾತನ್ನೂ ಹಾಗೆಯೇ ಪರೀಕ್ಷಿಸಿರಿ.