ಮನೆಗೆ ಬಂದ ಕಾಲೇಜು ಯಾರ ಮನೆಗೆ ಬಂತು?

(ಮಿಲ್ ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಬಂದಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರೂ ಇದ್ದೀರಿ. ಉದ್ದುದ್ದ ಮಾತು ಬೇಡ. ವಿಶ್ವವಿದ್ಯಾನಿಲಯಗಳಲ್ಲಿ ಈಗ ಆನ್‌ಲೈನ್ ಶಿಕ್ಷಣದ ಮಾತು ಬಲವಾಗಿದೆ. ಅದರಿಂದ ನಮ್ಮ ಮಕ್ಕಳಿಗೆ ಬರುವುದೆಷ್ಟು, ಹೋಗುವುದೆಷ್ಟು ಎಂಬ ಲೆಕ್ಕ ನೋಡೋಣ.

ಮನೆಯಲ್ಲಿದ್ದು ಓದಿ ಪದವಿ ಪಡೆಯುವುದು ಹೊಸದೇನಲ್ಲ. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಳುಹಿಸತೊಡಗಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಆ ದಾರಿ ಹಿಡಿಯಿತು; ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಗಲು ದುಡಿದು ರಾತ್ರಿ ಓದಿದ ಎಷ್ಟೋ ಗುಮಾಸ್ತರು, ಶಾಲಾ ಮಾಸ್ತರರು ಆ ಲಕೋಟೆಗಳಿಂದಲೇ ಪದವೀಧರರಾದರು. ಆದುದರಿಂದ ದೂರದ ಪಾಠವೆಂದೊಡನೆ ಮೂಗು ಮುರಿಯುವವರು ನಾವಲ್ಲ. 2003ರಲ್ಲಿ ಐಐಟಿಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರ 'ಸ್ವಯಂ' ತೆರೆಯಿತು. ಐಐಟಿಯ ಗೇಟನ್ನೇ ಕಾಣದ ನೂಲುಗಾರನ ಮಗಳು ಅಲ್ಲಿನ ಅಧ್ಯಾಪಕರ ಪಾಠವನ್ನು ಶುಲ್ಕವಿಲ್ಲದೆ ಕೇಳಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕಾದರೆ ಮಾತ್ರ ಹಣ. ಇದು ಸಣ್ಣ ಲಾಭವಲ್ಲ.

ಆದರೆ ಅಂಚೆಯವನು ಗುಡಿಸಲಿಗೂ ಬರುತ್ತಿದ್ದ. ಇಂಟರ್ನೆಟ್ಟು ಹಾಗಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದುದು ಸುಮಾರು 4ರಲ್ಲಿ, ಪಟ್ಟಣದ ನೂರರಲ್ಲಿ 23ರಲ್ಲಿ. ಇಂಟರ್ನೆಟ್ ಸೌಕರ್ಯ ಹಳ್ಳಿಯಲ್ಲಿ 15 ಮನೆಗೆ, ಪಟ್ಟಣದಲ್ಲಿ 42ಕ್ಕೆ. ಆಮೇಲೆ ಮೊಬೈಲು ಬಹಳ ಮನೆ ಹೊಕ್ಕಿತು, ನಿಜ. ಆದರೂ 2020ನ್ನು ನೆನೆಯಿರಿ. ಮಾರ್ಚ್‌ನಲ್ಲಿ ಮುಚ್ಚಿದ ನಮ್ಮ ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ರಂದು. ಆ ಎಂಟು ತಿಂಗಳು ನಮ್ಮ ಕೇರಿಗಳಲ್ಲಿ ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಕೆಲಸಕ್ಕೆ ಹೊರಟರೆ ತರಗತಿಯೂ ಅವನ ಹಿಂದೆಯೇ ಹೊರಟಿತು. ಇಬ್ಬರು ಮಕ್ಕಳಿದ್ದಲ್ಲಿ ಫೋನು ಅಣ್ಣನಿಗೆ, ಮುಸುರೆ ಪಾತ್ರೆ ತಂಗಿಗೆ. ಒಂದೇ ಕೋಣೆಯ ಮನೆ; ರಾತ್ರಿ ಪಾಳಿಯವನು ಮಲಗಿರುವಾಗ ಮಗ ಪಾಠ ಕೇಳುವುದೆಲ್ಲಿ? ಇದನ್ನು ಯಾವ ಸಮೀಕ್ಷೆಯವರೂ ಬಂದು ನಮ್ಮನ್ನು ಕೇಳಲಿಲ್ಲ.

ಇನ್ನು ವರ್ತಕ ಮಿತ್ರರಿಗೆ ತಕ್ಕಡಿಯ ಮಾತು. 2016ರ ಯುಜಿಸಿ ನಿಯಮದಂತೆ ಒಂದು ಅವಧಿಯ ವಿಷಯಗಳಲ್ಲಿ ನೂರಕ್ಕೆ 20ರಷ್ಟನ್ನು 'ಸ್ವಯಂ' ಮೂಲಕ ಓದಬಹುದಾಗಿತ್ತು. 2021ರಲ್ಲಿ ಅದನ್ನು 40ಕ್ಕೆ ಏರಿಸಿದರು. ಬೇಕಾದ ವಿಷಯ ಕಾಲೇಜಿನಲ್ಲಿ ಇಲ್ಲದಿದ್ದಾಗ ಹುಡುಗನೇ ಆರಿಸಿಕೊಂಡರೆ ಅದು ಸೌಕರ್ಯ. ಅಧ್ಯಾಪಕರನ್ನು ನೇಮಿಸುವ ಬದಲು ಕಾಲೇಜೇ ಅದರತ್ತ ಕೈತೋರಿದರೆ? ಸರ್ಕಾರಿ ಕಾಲೇಜುಗಳು ಈಗಲೇ ಸಾವಿರಾರು ಅತಿಥಿ ಉಪನ್ಯಾಸಕರ ಬೆನ್ನಿನ ಮೇಲೆ ನಡೆಯುತ್ತಿವೆ. ಒಂದು ವೀಡಿಯೊ ಸಂಬಳ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ. ತೂಕ ಕಡಿಮೆಯಾದರೆ ಬೆಲೆಯೂ ಇಳಿಯಬೇಕಷ್ಟೆ? ಪಾಠದಲ್ಲಿ ಒಂದು ಪಾಲು ಹೊರಗಿನಿಂದ ಬಂದರೆ ಶುಲ್ಕದಲ್ಲಿ ಎಷ್ಟು ಇಳಿಸುವಿರಿ ಎಂದು ಕೇಳಲು ಶುಲ್ಕ ಕಟ್ಟುವ ತಂದೆಗೆ ಹಕ್ಕಿದೆ.

ಅದೇ 2016ರ ನಿಯಮದಲ್ಲಿ ಇನ್ನೊಂದು ಮಾತಿತ್ತು. ಪ್ರಯೋಗಶಾಲೆ, ಕಂಪ್ಯೂಟರ್, ಗ್ರಂಥಾಲಯಗಳನ್ನು ವಿದ್ಯಾರ್ಥಿಗೆ ಉಚಿತವಾಗಿ, ಸಾಕಷ್ಟು ಪ್ರಮಾಣದಲ್ಲಿ ಅವನ ಕಾಲೇಜೇ ಒದಗಿಸಬೇಕು. ದಾರಿ ತೋರಲು ಒಬ್ಬರನ್ನು ನೇಮಿಸಬೇಕು. 20 ಎಂಬ ಅಂಕಿ 40 ಆದದ್ದು ಎಲ್ಲರಿಗೂ ಗೊತ್ತು. ಈ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮೂರ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಅಂಗಡಿಯಲ್ಲಿ ಲೆಕ್ಕ ಬರೆದು ಹುಡುಗ ಬಿಡುವಾಗುವುದು ಆರಕ್ಕೆ.

ರಾತ್ರಿ ಒಂಬತ್ತರವರೆಗೆ ಆ ಕೋಣೆ ತೆರೆದಿರಬೇಕು, ಒಳಗೆ ಒಬ್ಬ ಅಧ್ಯಾಪಕರಿರಬೇಕು ಎಂದು ಮನವಿ ಬರೆದಿದ್ದೇವೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರಾಂಶುಪಾಲರಿಗೆ ಕೊಡುತ್ತೇವೆ. ರಾತ್ರಿ ಪಾಳಿಯವರು ಮಲಗುವ ಮುನ್ನ ಅತ್ತ ಬಂದು ಸಹಿ ಹಾಕಿ ಹೋಗಿ, ಹೆಣ್ಣುಮಕ್ಕಳನ್ನೂ ಕರೆತನ್ನಿ.